ನಲ್ಲಿ ನೀರು ಮಿದುಳಿಗೇರಿದ ಕಥೆ

ಮೊದಲು ತಪ್ಪಿದ್ದು ಮಾತು. ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಂಡು ಓಡಾಡಿಕೊಂಡಿದ್ದವರು, ಯಂತ್ರದ ಪಕ್ಕದ ಹಾಸಿಗೆಯಿಂದ ಎದ್ದ ಮೇಲೆ ತೊದಲತೊಡಗಿದರು. ಪದ ಗೊತ್ತು, ನಾಲಗೆ ಹೊರಳದು. ಮೊದಮೊದಲು ಸ್ವಲ್ಪ ಹೊತ್ತಿಗೆ ಸರಿಹೋಗುತ್ತಿತ್ತು. ಆಮೇಲಾಮೇಲೆ ತೊದಲು ಉಳಿದೇಬಿಟ್ಟಿತು. ಕೈಕಾಲು ತಟ್ಟನೆ ಅದುರುವುದು, ಫಿಟ್ಸ್, ಮರೆವು, ಸ್ವಭಾವವೇ ಬೇರೆಯಾಗುವುದು. ಹೆಚ್ಚಿನವರು ವರ್ಷ ತುಂಬುವುದರೊಳಗೆ ತೀರಿಕೊಂಡರು. ಅಮೆರಿಕದ ಡೆನ್ವರ್‌ನಲ್ಲಿ ಡಾ. ಆಲನ್ ಆಲ್ಫ್ರಿ ಮತ್ತು ಸಂಗಡಿಗರು 1972ರಲ್ಲಿ ಈ ಕಾಯಿಲೆಯನ್ನು ವರದಿ ಮಾಡಿದರು.

ಕಾಯಿಲೆ ಕಾಣಿಸಿಕೊಂಡ ಕಾಲವೇ ಕರುಳು ಹಿಂಡುವಂಥದು. ವಿಲೆಮ್ ಕೊಲ್ಫ್ ಎಂಬ ವೈದ್ಯ ಜರ್ಮನರ ವಶದಲ್ಲಿದ್ದ ನೆದರ್‌ಲ್ಯಾಂಡ್ಸಿನ ಕಾಂಪೆನ್ ಊರಲ್ಲಿ 1943ರಲ್ಲಿ ಕೃತಕ ಮೂತ್ರಪಿಂಡವನ್ನು ರೋಗಿಗೆ ಜೋಡಿಸಿದ್ದ. ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ 1960ರಲ್ಲಿ ಟೆಫ್ಲಾನ್ ಕೊಳವೆಯನ್ನು ತೋಳಿನಲ್ಲೇ ಉಳಿಸುವ ದಾರಿ ಕಂಡುಕೊಂಡ ಮೇಲೆ ವಾರ ವಾರವೂ ರಕ್ತ ತೊಳೆಯುವುದು ಸಾಧ್ಯವಾಯಿತು. ಸಾಯಬೇಕಿದ್ದವರು ಬದುಕಿದರು. ಹಾಗೆ ಬದುಕಿದವರ ಮಿದುಳೇ ಈಗ ಕೈಕೊಡುತ್ತಿತ್ತು.

ಆಲ್ಫ್ರಿ ತಂಡ ತೀರಿಕೊಂಡವರ ಮಿದುಳಿನ ಬೂದು ಭಾಗವನ್ನು ಪರೀಕ್ಷಿಸಿ 1976ರಲ್ಲಿ ಫಲಿತಾಂಶ ಪ್ರಕಟಿಸಿತು. ಈ ಕಾಯಿಲೆಯವರಲ್ಲಿ ಕಿಲೋಗೆ ಸುಮಾರು 25 ಮಿಲಿಗ್ರಾಂ ಅಲ್ಯೂಮಿನಿಯಂ ಇತ್ತು. ಡಯಾಲಿಸಿಸ್‌ನಲ್ಲಿದ್ದೂ ಈ ಕಾಯಿಲೆ ಬಾರದವರಲ್ಲಿ 6.5, ಡಯಾಲಿಸಿಸ್ ಇಲ್ಲದವರಲ್ಲಿ 2.2. ಸಂಶಯ ಮೊದಲು ಹೋದದ್ದು ಮಾತ್ರೆಯ ಮೇಲೆ. ಊಟದಲ್ಲಿನ ರಂಜಕವನ್ನು ಹಿಡಿದಿಡಲೆಂದು ಕಿಡ್ನಿ ರೋಗಿಗಳಿಗೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಕೊಡುತ್ತಿದ್ದರು.

ಆದರೆ ಮಾತ್ರೆ ಎಲ್ಲ ಊರಲ್ಲೂ ಒಂದೇ. ಕಾಯಿಲೆ ಮಾತ್ರ ಕೆಲವೇ ಊರುಗಳಲ್ಲಿ. ಊರಿಂದೂರಿಗೆ ಬದಲಾಗುವುದು ನೀರು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಡಯಾಲಿಸಿಸ್ ರೋಗಿಗಳ ಮೂಳೆಗಳೂ ಮುರಿಯುತ್ತಿದ್ದವು. ಅಲ್ಲಿನ ವೈದ್ಯರು 1978ರಲ್ಲಿ ಬೊಟ್ಟು ಮಾಡಿದ್ದು ನಲ್ಲಿಯ ಕಡೆಗೆ. ಕದಡಿದ ನೀರನ್ನು ತಿಳಿಗೊಳಿಸಲು ಜಲಮಂಡಳಿಗಳು ಹಾಕುವ ಆಲಂ ಅಲ್ಯೂಮಿನಿಯಂನದೇ ಲವಣ, ನಮ್ಮ ಮನೆಗಳ ಪಟಿಕದ ಜಾತಿಯದು.

ಅದೇ ನೀರು ಕುಡಿದ ಊರಿನವರಿಗೆ ಏನೂ ಆಗಲಿಲ್ಲವೇಕೆ? ಕುಡಿದ ಅಲ್ಯೂಮಿನಿಯಂನಲ್ಲಿ ಕರುಳು ಒಳಗೆ ಬಿಟ್ಟುಕೊಳ್ಳುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದನ್ನೂ ಮೂತ್ರಪಿಂಡ ಹೊರಹಾಕುತ್ತದೆ. ಡಯಾಲಿಸಿಸ್‌ನಲ್ಲಿ ನೀರಿಗೂ ರಕ್ತಕ್ಕೂ ನಡುವೆ ಇರುವುದು ಒಂದು ತೆಳು ಪೊರೆ. ದಾಟಿ ಬಂದ ಅಲ್ಯೂಮಿನಿಯಂ ಅನ್ನು ರಕ್ತದ ಟ್ರಾನ್ಸ್‌ಫೆರಿನ್ ಪ್ರೋಟೀನು ಹಿಡಿದುಕೊಳ್ಳುವುದರಿಂದ ಅದು ಮರಳಿ ಹೋಗುವುದಿಲ್ಲ. ನಾಲ್ಕು ಗಂಟೆಯ ಒಂದು ಸರದಿಗೆ ಹೀಗೆ ರಕ್ತದ ಪಕ್ಕ ಹರಿಯುವುದು ಸುಮಾರು 120 ಲೀಟರು. ವಾರಕ್ಕೆ ಮೂರು ಸಲ. ದಿನವಿಡೀ ಗುಟುಕು ಎಣಿಸಿ ನೀರು ಕುಡಿಯುವ ರೋಗಿಯ ರಕ್ತಕ್ಕೆ ಇಷ್ಟು ನೀರು ತಾಗುತ್ತದೆಂದು ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ನೀರನ್ನು ಬರೀ ಮೆದುಗೊಳಿಸಿದರೆ ಸಾಲದು, ಅಲ್ಯೂಮಿನಿಯಂ ಅದರಿಂದ ಹೋಗದು. ನೀರಿನ ಲವಣ ತೆಗೆಯುವ ಆರ್‌ಓ ಮತ್ತು ಡೀಅಯೋನೈಸರ್ ಯಂತ್ರಗಳು ಡಯಾಲಿಸಿಸ್ ಕೇಂದ್ರಗಳಿಗೆ ಬಂದ ಮೇಲೆ ಈ ಕಾಯಿಲೆ ಅಪರೂಪವಾಯಿತು. ಡಯಾಲಿಸಿಸ್ ನೀರಿನಲ್ಲಿ ಅಲ್ಯೂಮಿನಿಯಂ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂಬ ಮಿತಿ ಬಂತು. ನಮ್ಮ ತಾಲ್ಲೂಕು ಆಸ್ಪತ್ರೆಗಳ ಡಯಾಲಿಸಿಸ್ ಘಟಕದ ಹಿಂದೆಯೂ ಆರ್‌ಓ ಯಂತ್ರ ಗುಂಯ್‌ಗುಡುವುದಕ್ಕೆ ಇದೂ ಒಂದು ಕಾರಣ.

ಆದರೂ 1996ರಲ್ಲಿ ಕೆರಿಬಿಯನ್ ದ್ವೀಪ ಕ್ಯುರಸಾವೊದಲ್ಲಿ ಈ ಕಾಯಿಲೆ ಮರುಕಳಿಸಿತು. ಅಲ್ಲಿನ ನಲ್ಲಿ ನೀರು ಸಮುದ್ರದ ನೀರನ್ನು ಬಟ್ಟಿ ಇಳಿಸಿದ್ದು. ಒಂದು ಡಯಾಲಿಸಿಸ್ ಕೇಂದ್ರಕ್ಕೆ ಹೊಸ ಕೊಳವೆ ಹಾಕಿದರು. ತುಕ್ಕು ಹಿಡಿಯದಿರಲೆಂದು ಅದರ ಒಳಮೈಗೆ ಸಿಮೆಂಟ್ ಗಾರೆ ಬಳಿದಿದ್ದರು. ಲವಣವಿಲ್ಲದ ಆ ನೀರು ಗಾರೆಯಲ್ಲಿದ್ದ ಅಲ್ಯೂಮಿನಿಯಂ ಅನ್ನು ಕರಗಿಸಿಕೊಂಡು ಹರಿಯಿತು. ಅಲ್ಲಿದ್ದ 27 ರೋಗಿಗಳಲ್ಲಿ 10 ಮಂದಿ ಸತ್ತರು.