ಗ್ಯಾಸು ಬಂತು, ಒಲೆ ಹೋಗಲಿಲ್ಲ!

ತಿಪಟೂರು ಕಡೆಯ ತೋಟದ ಮನೆಗಳಿಗೆ ಹೋಗಿ ನೋಡಿ. ಅಡುಗೆಮನೆ ಕಟ್ಟೆಯ ಮೇಲೆ ಗ್ಯಾಸ್ ಸ್ಟವ್ ಇರುತ್ತೆ. ಹಿತ್ತಿಲಿಗೆ ಬಂದರೆ ಮಣ್ಣೊಲೆ, ಅದರ ಪಕ್ಕ ಪೇರಿಸಿಟ್ಟ ತೆಂಗಿನ ಮಟ್ಟೆ, ಕರಟ, ಒಣಗಿದ ಗರಿ. ಬಚ್ಚಲಲ್ಲಿ ಹಂಡೆ, ಹಂಡೆಯ ಕೆಳಗೆ ಬೆಳಗಿನ ಜಾವಕ್ಕೇ ಹೊಗೆ. ಗ್ಯಾಸು ಬಂದು ಎಷ್ಟೋ ವರ್ಷವಾಯಿತು. ಒಲೆ ಮಾತ್ರ ಕೂತ ಜಾಗ ಬಿಟ್ಟು ಕದಲಿಲ್ಲ.

"ಗ್ಯಾಸಿನ ಮೇಲೆ ಸ್ನಾನದ ನೀರು ಇಡ್ತೀಯೇನೇ? ಸಿಲಿಂಡ್ರು ತಿಂಗಳೂ ಬರಲ್ಲ ಕಣೆ!" ಇದು ಅತ್ತೆಯ ಮಾತು. "ಹೊಗೆ ಕುಡಿಯೋಳು ನಾನಲ್ವೇನತ್ತೆ?" ಇದು ಸೊಸೆಯ ಉತ್ತರ. ಜಿಲ್ಲೆಯ ಯಾವ ಹಳ್ಳಿಯಲ್ಲಾದರೂ ಕೇಳಬಹುದಾದ ಜಗಳ. ಇಬ್ಬರದೂ ನ್ಯಾಯವೇ.

ಕಾಫಿಗೆ ಗ್ಯಾಸು, ಹಿಟ್ಟಿಗೆ ಸೌದೆ. ಅನೇಕ ಮನೆಗಳ ಕಟ್ಟಳೆ ಇದು. ರಾಗಿ ಹಿಟ್ಟು ತೊಳಸುವಾಗ ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿಯಬೇಕು. ನೆಲದ ಒಲೆ ಅಲುಗಾಡದು, ಕಟ್ಟೆ ಮೇಲಿನ ಸ್ಟವ್ ಜಾರುತ್ತೆ. ಮೇಲಾಗಿ ತೋಟದಲ್ಲಿ ಬಿದ್ದ ಮಟ್ಟೆಗೆ ಕಾಸಿಲ್ಲ, ಸಿಲಿಂಡರಿಗೆ ಒಂದೇ ಸಲ ಗಂಟು ಬಿಚ್ಚಬೇಕು. ಕೂಲಿ ದುಡ್ಡು ವಾರವಾರ ಬರುವ ಮನೆಯಲ್ಲಿ ಆ ಗಂಟು ಎಲ್ಲಿಂದ ಬರಬೇಕು?

ಉಂಗ್ರಾ ಕಲಿಸಿದ ಪಾಠ

ತುಮಕೂರು ಜಿಲ್ಲೆಗೆ ಈ ವಿಷಯ ಹೊಸದೇನಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಮತ್ತು ಸಂಗಡಿಗರು 'ಅಸ್ತ್ರ' ಕಟ್ಟಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನು ಹಳ್ಳಿಯಲ್ಲೇ ಕೂತು ಮಾಡಬೇಕೆಂದು ಕುಣಿಗಲ್ ತಾಲ್ಲೂಕಿನ ಉಂಗ್ರಾದಲ್ಲಿ ಕೇಂದ್ರ ತೆರೆದರು. ಮೂರು ಪಾತ್ರೆ ಇಡುವ, ಹೊಗೆಕೊಳವೆ ಇರುವ 'ಅಸ್ತ್ರ ಒಲೆ' ಅವರ ಕೊಡುಗೆ. ಸೌದೆ ಕಡಿಮೆ, ಹೊಗೆ ಮನೆಯಿಂದಾಚೆ. ಆದರೆ ಕೊಳವೆಯಲ್ಲಿ ಕಟ್ಟಿದ ಮಸಿ ತೆಗೆಯದಿದ್ದರೆ, ದಪ್ಪ ಸೌದೆ ತುರುಕಲೆಂದು ಒಲೆಯ ಬಾಯಿ ಅಗಲ ಮಾಡಿದರೆ, ಇಂಥ ಒಲೆಯೂ ಹಳೇ ಒಲೆಯ ದಾರಿಯನ್ನೇ ಹಿಡಿಯುತ್ತೆ. ಕಟ್ಟಿಕೊಡಲು ಒಂದು ದಿನ ಸಾಕು. ಕೆಟ್ಟಾಗ ರಿಪೇರಿಗೆ ಬರುವವನು ವರ್ಷಗಟ್ಟಲೆ ಬೇಕು.

ಅದೇ ತಾಲ್ಲೂಕಿನ ಪುರದ ಕತೆ ಇನ್ನೂ ಸ್ವಾರಸ್ಯ. ಗೋಬರ್ ಗ್ಯಾಸಿನಿಂದ ಊರಿಗೆಲ್ಲ ಅಡುಗೆ ಎಂಬುದು ಮೊದಲ ಯೋಚನೆ. ಊರಿನ ಸಗಣಿ ಅಷ್ಟಕ್ಕೆ ಸಾಲಲಿಲ್ಲ. 1987ರಲ್ಲಿ ಅದೇ ಗ್ಯಾಸನ್ನು ಡೀಸೆಲ್ ಜೊತೆ ಸೇರಿಸಿ ಎಂಜಿನ್ ಓಡಿಸಿದರು. ಮನೆಗೆ ದೀಪ ಬಂತು, ನಲ್ಲಿಗೆ ನೀರು ಬಂತು. ಜನ ಸಗಣಿ ತಂದು ಹಾಕಿದರು, ಬಗ್ಗಡವನ್ನು ಗೊಬ್ಬರಕ್ಕೆ ವಾಪಸ್ ಒಯ್ದರು. ಜನಕ್ಕೆ ಬೇಕಾದದ್ದು ಕೊಟ್ಟರೆ ಜನ ಕೈ ಜೋಡಿಸುತ್ತಾರೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಬಲ್ಬಿಗೆ ಓಟ, ಒಲೆಗೆ ಆಮೆ ನಡಿಗೆ

ಎಲ್ಲವೂ ನಿಧಾನ ಎನ್ನುವಂತಿಲ್ಲ. 2015ರಿಂದೀಚೆಗೆ ಎಲ್‌ಇಡಿ ಬಲ್ಬು ಹಳೇ ಬಲ್ಬನ್ನು ಹೇಳ ಹೆಸರಿಲ್ಲದಂತೆ ಮಾಡಿತು. ಅದೇ ಹೋಲ್ಡರ್, ಅದೇ ಸ್ವಿಚ್ಚು; 60 ವ್ಯಾಟಿನ ಕೆಲಸ 9 ವ್ಯಾಟಿನಲ್ಲಿ. ಮನೆಯವರು ಯಾವ ಅಭ್ಯಾಸವನ್ನೂ ಬದಲಿಸಬೇಕಾಗಲಿಲ್ಲ. ಒಲೆ ಹಾಗಲ್ಲ. ಅದು ಬದಲಾದರೆ ಪಾತ್ರೆ, ರುಚಿ, ಸಮಯ, ಖರ್ಚು, ಎಲ್ಲವೂ ಬದಲಾಗಬೇಕು.

2016ರ ಮೇ 1ರಂದು ಉಜ್ವಲ ಯೋಜನೆ ಶುರುವಾಯಿತು. ಕನೆಕ್ಷನ್ ಹೆಂಗಸಿನ ಹೆಸರಿಗೆ. ಭೇಷ್! ಆದರೆ ಮರುಸಿಲಿಂಡರಿನ ದುಡ್ಡು ಯಾರ ಜೇಬಿನಲ್ಲಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೊತ್ತಿಗೆ ದೇಶದ ನೂರಕ್ಕೆ 96.8 ಮನೆಗಳಿಗೆ ಕರೆಂಟು ಮುಟ್ಟಿತ್ತು. ಹೊಗೆಯಿಲ್ಲದ ಇಂಧನದಲ್ಲಿ ಅಡುಗೆ ಮಾಡುತ್ತಿದ್ದ ಮನೆಗಳು ನೂರಕ್ಕೆ 58.6 ಮಾತ್ರ.

ಈಗ ಮಹಡಿ ಮೇಲಿನ ಸೋಲಾರ್ ಸರದಿ. ಕೇಂದ್ರ 2024ರಲ್ಲಿ ತಂದ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ. ರಾಜ್ಯದಲ್ಲಿ 2023ರಲ್ಲೇ ಗೃಹಜ್ಯೋತಿ ಬಂದು 200 ಯೂನಿಟ್ಟಿನೊಳಗಿನ ಮನೆಗಳಿಗೆ ಸೊನ್ನೆ ಬಿಲ್ಲು. ಬಿಲ್ಲೇ ಬಾರದವನು ಸಾಲ ಮಾಡಿ ಮಾಳಿಗೆಗೆ ಫಲಕ ಹಾಕಿಸುತ್ತಾನೆಯೇ? ಬಾಡಿಗೆ ಮನೆಯವನಿಗಂತೂ ಮಾಳಿಗೆಯೇ ಇಲ್ಲ. ಒಂದು ಕೈ ಮುಂದೆ ತಳ್ಳಿದರೆ ಇನ್ನೊಂದು ಕೈ ಸುಮ್ಮನೆ ಕೂರಿಸುತ್ತೆ.

ಇದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಬರದ ಸೀಮೆಯ ಬಿಸಿಲನ್ನು ತಂತಿಗೆ ಏರಿಸಲು ಕೆಲವೇ ವರ್ಷ ಸಾಕಾಯಿತು. ಅಸ್ತ್ರ ಹುಟ್ಟಿ ಐವತ್ತು ವರ್ಷ ದಾಟಿದರೂ ಹಂಡೆಯ ಹೊಗೆ ಆರಿಲ್ಲ. ದೊಡ್ಡ ಕೆಲಸಕ್ಕೆ ಒಂದು ಕಂಪನಿ, ಒಂದು ಕರಾರು ಸಾಕು. ಅಡುಗೆಮನೆಗೆ ಮನೆಮನೆಯ ಒಪ್ಪಿಗೆ ಬೇಕು.

ಹೊಗೆ ಎಂದರೆ ಬರೀ ಕಣ್ಣೀರಲ್ಲ. ಹೆಂಗಸರ ಶ್ವಾಸಕೋಶ ಕೆಡಿಸುವುದೂ ಅದೇ, ಮಗ್ಗುಲಲ್ಲಿ ಕೂತ ಕೂಸಿಗೆ ನ್ಯುಮೋನಿಯಾ ತರುವುದೂ ಅದೇ. ಎಷ್ಟು ಕನೆಕ್ಷನ್ ಕೊಟ್ಟೆವು ಎಂಬ ಲೆಕ್ಕ ಸಾಕು. ಕೊಟ್ಟ ಮನೆಯಲ್ಲಿ ವರ್ಷಕ್ಕೆ ಎಷ್ಟು ಸಿಲಿಂಡರ್ ಖಾಲಿಯಾಯಿತು, ಬಚ್ಚಲ ಹಂಡೆಗೆ ಬದಲಿ ಏನು ಸಿಕ್ಕಿತು, ಕೆಟ್ಟದ್ದನ್ನು ಸರಿ ಮಾಡಲು ಹೋಬಳಿಗೊಬ್ಬನಾದರೂ ಇದ್ದಾನೆಯೇ ಎಂಬ ಲೆಕ್ಕ ಇಡಲಿ. ಅಲ್ಲಿಯವರೆಗೆ ಅತ್ತೆ-ಸೊಸೆ ಜಗಳ ನಿಲ್ಲುವುದಿಲ್ಲ. ಕೆಮ್ಮೂ ನಿಲ್ಲುವುದಿಲ್ಲ.