ಹತ್ತೂ ಚಕ್ರ ನೆಲ ಮುಟ್ಟಬೇಕು

ಅಮೆರಿಕದ ಫೋರ್ಡ್ ಕಂಪನಿ ಕೆಂಟಕಿಯ ಲೂಯಿವಿಲ್‌ನಲ್ಲಿ 1970ರಿಂದ 1998ರವರೆಗೆ ‘ಎಲ್’ ಸರಣಿಯ ಲಾರಿಗಳನ್ನು ತಯಾರಿಸಿತು. ಅದರಲ್ಲಿ ಎಲ್‌ಎನ್-8000ಕ್ಕೆ ಹಿಂದೆ ಒಂದೇ ಆ್ಯಕ್ಸೆಲ್, ಎಲ್‌ಎನ್‌ಟಿ-8000ಕ್ಕೆ ಎರಡು. ಎಎಂಟಿ ಕಂಪನಿ ಈ ಎರಡನ್ನೂ 1:25 ಅಳತೆಯ ಪ್ಲಾಸ್ಟಿಕ್ ಕಿಟ್‌ಗಳಾಗಿ ತಂದಿತು. ಮಿಷಿಗನ್‌ನ ಟ್ರಾಯ್‌ನಲ್ಲಿ 1948ರಲ್ಲಿ ‘ಅಲ್ಯುಮಿನಿಯಂ ಮಾಡೆಲ್ ಟಾಯ್ಸ್’ ಎಂಬ ಹೆಸರಿನಲ್ಲಿ ಶುರುವಾದ ಕಂಪನಿ ಇದು. ಒಂದೇ ಆ್ಯಕ್ಸೆಲ್‌ನ ಕಿಟ್ ಕೈಯಲ್ಲಿಟ್ಟುಕೊಂಡು ಅದಕ್ಕೆ ಇನ್ನೊಂದನ್ನು ಸೇರಿಸುವುದು ಮಾಡೆಲ್ ಲಾರಿ ಕಟ್ಟುವವರಲ್ಲಿ ಹಳೆಯ ಹವ್ಯಾಸ. ಎರಡು ಕಿಟ್ ಕೊಂಡು ಒಂದರ ಹಿಂಭಾಗವನ್ನು ಇನ್ನೊಂದಕ್ಕೆ ಕೂರಿಸುವವರೂ ಇದ್ದಾರೆ. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಆ ಭಾಗಗಳನ್ನು ಸ್ವತಃ ಕಟ್ಟಿದವರಿಗೆ ಮಾತ್ರ ಲಾರಿಗೆ ಎರಡನೇ ಆ್ಯಕ್ಸೆಲ್ ಏಕೆ ಬಂತು, ಅದು ಮಾಡುವ ಕೆಲಸವೇನು ಎಂಬುದು ಕೈಗೇ ತಿಳಿಯುತ್ತದೆ.

ಅದು ಬಂದದ್ದು ರಸ್ತೆಯನ್ನು ಉಳಿಸಲು. ಇಲಿನಾಯ್ ರಾಜ್ಯದ ಒಟ್ಟಾವಾ ಊರಿನ ಬಳಿ 1958ರಿಂದ 1960ರವರೆಗೆ ಪರೀಕ್ಷಾ ರಸ್ತೆಗಳನ್ನು ಹಾಕಿ, ಅವುಗಳ ಮೇಲೆ ಹಗಲೂ ರಾತ್ರಿ ಲಾರಿಗಳನ್ನು ಓಡಿಸಿ ನೋಡಿದರು. ರಸ್ತೆಗೆ ಆಗುವ ಹಾನಿ ಆ್ಯಕ್ಸೆಲ್‌ನ ಭಾರದ ಸುಮಾರು ನಾಲ್ಕನೇ ಘಾತದಷ್ಟು ಬೆಳೆಯುತ್ತದೆ ಎಂಬುದು ಅಲ್ಲಿ ಗೊತ್ತಾಯಿತು. ಭಾರ ಎರಡು ಪಟ್ಟಾದರೆ ಹಾನಿ ಸುಮಾರು ಹದಿನಾರು ಪಟ್ಟು. ಅದೇ ಹೊರೆಯನ್ನು ಎರಡು ಆ್ಯಕ್ಸೆಲ್‌ಗಳು ಹಂಚಿಕೊಂಡರೆ ರಸ್ತೆ ಬದುಕಿಕೊಳ್ಳುತ್ತದೆ. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ 1974ರ ಕಾನೂನಿನ ಪ್ರಕಾರ ಒಂಟಿ ಆ್ಯಕ್ಸೆಲ್ 20,000 ಪೌಂಡ್ ಹೊರಬಹುದು, ಅಕ್ಕಪಕ್ಕದ ಜೋಡಿ ಆ್ಯಕ್ಸೆಲ್ 34,000 ಪೌಂಡ್. ನಲವತ್ತು ಸಾವಿರ ಕೊಡದಿರಲು ಕಾರಣವಿದೆ: ಹತ್ತಿರ ಹತ್ತಿರ ಇರುವ ಎರಡು ಆ್ಯಕ್ಸೆಲ್‌ಗಳು ಸೇತುವೆಯ ಒಂದೇ ಜಾಗವನ್ನು ಒತ್ತುತ್ತವೆ. ನಮ್ಮಲ್ಲೂ ಲೆಕ್ಕ ಇದೇ ಜಾಡಿನದು. 2018ರ ಪರಿಷ್ಕರಣೆಯಲ್ಲಿ ಜೋಡಿ ಆ್ಯಕ್ಸೆಲ್‌ನ ಮಿತಿ 19 ಟನ್‌ನಿಂದ 21ಕ್ಕೆ ಏರಿತು. ಹುಬ್ಬಳ್ಳಿಯ ಹೆದ್ದಾರಿಯಲ್ಲಿ ಓಡುವ ಹತ್ತು ಚಕ್ರದ ಲಾರಿಯ ಹಿಂಭಾಗವೂ ಈ ಲೆಕ್ಕಕ್ಕೆ ಬದ್ಧ.

ಈಗ ಮೇಜಿನ ಮೇಲಿನ ಕಿಟ್‌ಗೆ ಬರೋಣ. ಮೊದಲ ಪ್ರಶ್ನೆ ಜಾಗದ್ದು. ಇರುವ ಆ್ಯಕ್ಸೆಲ್‌ನ ಹಿಂದೆ ಇನ್ನೊಂದನ್ನು ಅಂಟಿಸಿಬಿಟ್ಟರೆ ಲಾರಿಯ ಹದ ಕೆಡುತ್ತದೆ. ಜೋಡಿ ಆ್ಯಕ್ಸೆಲ್‌ನ ಲಾರಿಯಲ್ಲಿ ವೀಲ್‌ಬೇಸ್ ಅಳೆಯುವುದು ಮುಂದಿನ ಆ್ಯಕ್ಸೆಲ್‌ನಿಂದ ಜೋಡಿಯ ನಡುಮಧ್ಯಕ್ಕೆ. ಆದ್ದರಿಂದ ವೀಲ್‌ಬೇಸ್ ಅಷ್ಟೇ ಇರಬೇಕಾದರೆ, ಕಿಟ್‌ನ ಒಂಟಿ ಆ್ಯಕ್ಸೆಲ್ ಇದ್ದ ಬಿಂದುವನ್ನು ನಡುಮಧ್ಯ ಎಂದಿಟ್ಟುಕೊಂಡು ಒಂದನ್ನು ಮುಂದೆ, ಒಂದನ್ನು ಹಿಂದೆ ಕೂರಿಸಬೇಕು. ಈ ಲೆಕ್ಕದಲ್ಲಿ 1:25 ಅಳತೆ ಬಲು ಅನುಕೂಲ. ನಿಜವಾದ ಲಾರಿಯ ಒಂದು ಇಂಚು ಇಲ್ಲಿ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಅಮೆರಿಕದ ಲಾರಿಗಳಲ್ಲಿ ಎರಡು ಆ್ಯಕ್ಸೆಲ್‌ಗಳ ನಡುವೆ ಸಾಮಾನ್ಯವಾಗಿ 52 ಇಂಚು ಅಂತರ, ಅಂದರೆ ಮಾಡೆಲ್‌ನಲ್ಲಿ 53 ಮಿ.ಮೀ. ಟೈರಿನ ಎತ್ತರ ಸುಮಾರು 42 ಇಂಚು. ಹಾಗಾದರೆ ಎರಡು ಟೈರುಗಳ ನಡುವೆ ಉಳಿಯುವ ಸಂದು ಸುಮಾರು 10 ಮಿ.ಮೀ. ಈ ಸಂದು ತಪ್ಪಿದ ಮಾಡೆಲನ್ನು ಲಾರಿ ಬಲ್ಲವರು ದೂರದಿಂದಲೇ ಹಿಡಿಯುತ್ತಾರೆ.

ಎರಡನೇ ಪ್ರಶ್ನೆ ಕಮಾನು ಪಟ್ಟಿಗಳದ್ದು. ಇಡೀ ಕೆಲಸದ ಜೀವ ಇರುವುದು ಇಲ್ಲಿ. ಒಂದೊಂದು ಆ್ಯಕ್ಸೆಲ್‌ಗೂ ಬೇರೆ ಬೇರೆ ಕಮಾನು ಕೊಟ್ಟು ಬಿಟ್ಟರೆ, ಉಬ್ಬಿನ ಮೇಲೆ ಹತ್ತಿದ ಆ್ಯಕ್ಸೆಲ್ ಭಾರವನ್ನೆಲ್ಲ ತಾನೇ ಹೊರುತ್ತದೆ, ಇನ್ನೊಂದು ನೇತಾಡುತ್ತದೆ. ಎರಡಿದ್ದೂ ಒಂದೇ ಇದ್ದ ಹಾಗೆ. ಶಿಕಾಗೋದಲ್ಲಿ ಲಾರಿ ಕಟ್ಟುತ್ತಿದ್ದ ಮ್ಯಾಗ್ನಸ್ ಹೆಂಡ್ರಿಕ್ಸನ್ ಅವರ ಕಂಪನಿ 1926ರಲ್ಲಿ ಇದಕ್ಕೆ ದಾರಿ ಕಂಡುಕೊಂಡಿತು. ಚಾಸಿಯ ಎರಡೂ ಬದಿಗೆ ಒಂದೊಂದು ದಪ್ಪ ತೊಲೆ. ತೊಲೆಯ ನಡುವಿನ ಕೀಲು ಕಮಾನಿನ ಕೆಳಗಿನ ಜೀನಿಗೆ ಸೇರಿಕೊಂಡಿರುತ್ತದೆ. ಎರಡು ತುದಿಗಳಲ್ಲಿ ಎರಡು ಆ್ಯಕ್ಸೆಲ್‌ಗಳು. ತಕ್ಕಡಿಯ ದಂಡದಂತೆ ತೊಲೆ ಓಲಾಡುತ್ತದೆ. ಒಂದು ಚಕ್ರ ಎರಡು ಇಂಚು ಮೇಲೆದ್ದರೆ ನಡುವಿನ ಕೀಲು ಏರುವುದು ಒಂದೇ ಇಂಚು, ಭಾರ ಮಾತ್ರ ಎರಡು ಕಡೆಗೂ ಸಮನಾಗಿಯೇ ಹರಿಯುತ್ತದೆ. ಇಷ್ಟು ಸರಳವಾದ ಉಪಾಯ ಮಣ್ಣು, ಮರ, ಕಾಂಕ್ರೀಟ್ ಹೊರುವ ಲಾರಿಗಳ ಕೆಳಗೆ ಇಂದಿಗೂ ದುಡಿಯುತ್ತಿದೆ.

ಮಾಡೆಲ್ ಕಟ್ಟುವವರಿಗೂ ಇದೇ ಸಂಕಟ ಎದುರಾಗುತ್ತದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಎರಡು ಆ್ಯಕ್ಸೆಲ್‌ಗಳನ್ನೂ ಗಟ್ಟಿಯಾಗಿ ಅಂಟಿಸಿದರೆ, ಅರ್ಧ ಮಿಲಿಮೀಟರ್ ಏರುಪೇರಾದರೂ ಯಾವುದಾದರೂ ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ. ಎಷ್ಟು ಚೆನ್ನಾಗಿ ಬಣ್ಣ ಹೊಡೆದರೂ ನೆಲ ಮುಟ್ಟದ ಚಕ್ರ ಲಾರಿಯನ್ನು ಆಟಿಕೆ ಮಾಡಿಬಿಡುತ್ತದೆ. ಅದಕ್ಕೆ ತೊಲೆಯನ್ನು ಅಂಟಿಸದೆ, ನಡುವೆ ರಂಧ್ರ ಕೊರೆದು ಹಿತ್ತಾಳೆಯ ಸಣ್ಣ ಕಡ್ಡಿಯ ಮೇಲೆ ತಿರುಗುವಂತೆ ಕೂರಿಸಬೇಕು. ಆಮೇಲೆ ಒಂದು ಚಕ್ರದ ಕೆಳಗೆ ದಪ್ಪ ರಟ್ಟಿನ ಚೂರು ತೂರಿಸಿ ನೋಡಿ: ಆ ಚಕ್ರ ಏರುತ್ತದೆ, ಉಳಿದವು ನೆಲ ಬಿಡುವುದಿಲ್ಲ. 1926ರ ಉಪಾಯ ನಿಮ್ಮ ಮೇಜಿನ ಮೇಲೆ ಕೆಲಸ ಮಾಡುತ್ತಿರುತ್ತದೆ.

ಇನ್ನು ಆ್ಯಕ್ಸೆಲ್ ಹೌಸಿಂಗ್. ಕಿಟ್‌ನ ಹೌಸಿಂಗನ್ನೇ ಅಚ್ಚು ತೆಗೆದು ರೆಸಿನ್‌ನಲ್ಲಿ ಇನ್ನೊಂದನ್ನು ಎರಕ ಹೊಯ್ದು, ಎರಡೂ ಕಡೆ ಅದನ್ನೇ ಹಾಕುವವರು ಬಹಳ. ಎಂಜಿನ್ನಿನ ಬಲ ಎರಡೂ ಆ್ಯಕ್ಸೆಲ್‌ಗಳಿಗೆ ಹೋಗುವ ಲಾರಿಯಲ್ಲಿ ಇದು ಸರಿಯಲ್ಲ. ಮುಂದಿನ ಹೌಸಿಂಗ್ ತಾನು ತೆಗೆದುಕೊಂಡ ಬಲದಲ್ಲಿ ಒಂದು ಪಾಲನ್ನು ಹಿಂದಿನದಕ್ಕೆ ದಾಟಿಸಬೇಕು. ಅದಕ್ಕಾಗಿ ಅದರ ಮೂತಿಯಲ್ಲಿ ಇನ್ನೊಂದು ಡಿಫರೆನ್ಷಿಯಲ್ ಇರುತ್ತದೆ, ಬೆನ್ನಿನಿಂದ ಶಾಫ್ಟ್ ಹೊರಬರುತ್ತದೆ, ಅಲ್ಲಿಂದ ಗಿಡ್ಡ ಪ್ರೊಪೆಲ್ಲರ್ ಶಾಫ್ಟ್ ಹಿಂದಿನ ಹೌಸಿಂಗ್‌ಗೆ ಹೋಗುತ್ತದೆ. ಕಿಟ್‌ನಲ್ಲಿ ಬಂದ ಹೌಸಿಂಗ್ ಹಿಂದಿನ ಜಾಗಕ್ಕೆ ಸರಿಹೋಗುತ್ತದೆ; ಮುಂದಿನದನ್ನು ಪ್ಲಾಸ್ಟಿಕ್ ಕೊಳವೆ, ಹಾಳೆಗಳಿಂದ ಹೊಸದಾಗಿ ಕಟ್ಟಬೇಕು. ಮುಖ್ಯ ಪ್ರೊಪೆಲ್ಲರ್ ಶಾಫ್ಟನ್ನು 26 ಮಿ.ಮೀ.ನಷ್ಟು ಗಿಡ್ಡ ಮಾಡುವುದನ್ನೂ ಮರೆಯಬಾರದು. ಕೆಳಗಿರುವುದು ಯಾರಿಗೆ ಕಾಣುತ್ತದೆ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಟ್ರೇಲರ್ ಬಿಚ್ಚಿದ ಲಾರಿಯನ್ನು ಹಿಂದಿನಿಂದ ಬಗ್ಗಿ ನೋಡಿದರೆ ಕಣ್ಣು ಹೋಗುವುದೇ ಆ ಶಾಫ್ಟಿನ ಮೇಲೆ.

ಚಾಸಿಯ ಕೆಲಸ ಕಷ್ಟವಲ್ಲ, ತಾಳ್ಮೆಯದು. ಹಿಂದಿನ ತುದಿ ಸಾಲದಿದ್ದರೆ ಉದ್ದ ಮಾಡಬೇಕು. ಚಾಸಿಯ ಎರಡು ಉದ್ದ ತೊಲೆಗಳನ್ನೂ ಒಂದೇ ಗೆರೆಯಲ್ಲಿ ಕತ್ತರಿಸದೆ ಹಿಂದೆಮುಂದೆ ಕತ್ತರಿಸಿ, ಒಳಗಿನಿಂದ ಪ್ಲಾಸ್ಟಿಕ್ ಪಟ್ಟಿಯ ಆಸರೆ ಕೊಟ್ಟರೆ ಬೆಸುಗೆ ನಿಲ್ಲುತ್ತದೆ. ಇದಕ್ಕೆ ಪಾಲಿಸ್ಟೈರೀನನ್ನು ಕರಗಿಸಿ ಒಂದಾಗಿಸುವ ತೆಳು ಅಂಟೇ ಬೇಕು. ಸೂಪರ್ ಗ್ಲೂ ಬೇಗ ಹಿಡಿದರೂ ಹೊಡೆತಕ್ಕೆ ಸಿಡಿಯುತ್ತದೆ. ಟ್ರೇಲರ್ ಕೂರುವ ಫಿಫ್ತ್ ವೀಲ್ ಜೋಡಿಯ ನಡುಮಧ್ಯಕ್ಕಿಂತ ಸ್ವಲ್ಪ ಮುಂದಿರಲಿ, ಆಗ ಲಾರಿಯ ಮುಂಚಕ್ರಗಳ ಆ್ಯಕ್ಸೆಲ್‌ಗೂ ಅದರ ಪಾಲಿನ ಭಾರ ಸಿಗುತ್ತದೆ. ಬ್ರೇಕ್ ಚೇಂಬರ್‌ಗಳು ಹಿಂದೆ ಎರಡಿದ್ದದ್ದು ನಾಲ್ಕಾಗುತ್ತವೆ.

ಇಷ್ಟೆಲ್ಲ ಮೊದಲ ಸಲಕ್ಕೇ ಬೇಡ ಎನ್ನುವವರಿಗೆ ಟ್ಯಾಗ್ ಆ್ಯಕ್ಸೆಲ್ ಇದೆ: ಎಂಜಿನ್ನಿನ ಬಲವಿಲ್ಲದ, ಭಾರ ಹೊರಲು ಮಾತ್ರ ಇರುವ ಹಿಂದಿನ ಆ್ಯಕ್ಸೆಲ್. ಅದಕ್ಕೆ ಡಿಫರೆನ್ಷಿಯಲ್ ಗುಡ್ಡೆಯಿಲ್ಲ, ಶಾಫ್ಟ್ ಇಲ್ಲ, ಬರೀ ಒಂದು ಅಡ್ಡ ದಂಡ ಸಾಕು. ಕಿಟ್‌ನ ಆ್ಯಕ್ಸೆಲ್ ಇದ್ದಲ್ಲೇ ಇರಲಿ, ಇದನ್ನು ಹಿಂದೆ ಸೇರಿಸಬಹುದು. ಇದರಲ್ಲಿ ಮೋಸವೇನೂ ಇಲ್ಲ. ಅಮೆರಿಕದಲ್ಲಿ ಒಂಟಿ ಆ್ಯಕ್ಸೆಲ್‌ನ ಎಷ್ಟೋ ನಿಜವಾದ ಲಾರಿಗಳಿಗೆ ಹೊರಗಿನ ವರ್ಕ್‌ಶಾಪ್‌ಗಳಲ್ಲಿ ಹೀಗೆಯೇ ಎರಡನೆಯದನ್ನು ಜೋಡಿಸಿದ್ದಾರೆ. ಅದನ್ನು ಎತ್ತುವ ಬಗೆಯದಾಗಿ ಮಾಡಿದರೆ, ಖಾಲಿ ಲಾರಿಯಲ್ಲಿ ಚಕ್ರ ನೆಲ ಬಿಟ್ಟಿರುವುದೂ ಸರಿಯೇ.