ಸಿಂಗಪುರದ ಬೆಳಗಿನ ಕೋಪಿ

ನಮ್ಮ ಮುಂಡರಗಿ ಚಹಾದ ಊರು. ಬಸ್ ನಿಲ್ದಾಣದ ಸುತ್ತ ನಸುಕಿನಲ್ಲೇ ಒಲೆ ಹೊತ್ತುತ್ತದೆ. ಗಿರ್ಮಿಟ್ ಇರಲಿ, ಮಿರ್ಚಿ ಇರಲಿ, ಜೊತೆಗೆ ಚಹಾ ಬರಲೇಬೇಕು. ಇಂಥ ಕಡೆಯಿಂದ ಪರದೇಶಕ್ಕೆ ಹೊರಟವರು ಪೆಟ್ಟಿಗೆಯಲ್ಲಿ ಚಹಾಪುಡಿ ಇಟ್ಟುಕೊಂಡೇ ಹೋಗುತ್ತಾರೆ. ಅದು ಅಲ್ಲೇ ಇರಲಿ ಎಂದು ನನಗನ್ನಿಸುತ್ತದೆ. ಹೋದ ಊರಿನ ಜನ ಬೆಳಿಗ್ಗೆದ್ದು ಏನು ಕುಡಿಯುತ್ತಾರೋ ಅದನ್ನು ಅವರು ಕುಡಿಯುವ ಜಾಗದಲ್ಲೇ, ಅವರ ಹೊತ್ತಿಗೇ ಕುಡಿದು ನೋಡಬೇಕು. ಸಿಂಗಪುರದಲ್ಲಿ ಅದು ಕಾಫಿ. ಅವರ ಬಾಯಲ್ಲಿ ‘ಕೋಪಿ’.

ತಂಗಿಯ ಮಗಳ ಮನೆಯಿಂದ ಏಳು ಗಂಟೆಗೆ ಇಳಿದೆ. ಅಲ್ಲಿ ಆಗಷ್ಟೇ ಬೆಳಕು ಹರಿಯುವ ಹೊತ್ತು. ಎತ್ತರದ ವಸತಿ ಕಟ್ಟಡಗಳ ನಡುವೆ ಎರಡಂತಸ್ತಿನ ಒಂದು ಹಾಕರ್ ಸೆಂಟರ್. ಕೆಳಗೆ ಸಂತೆ: ತೊಳೆದ ಒದ್ದೆ ನೆಲ, ಮಂಜುಗಡ್ಡೆಯ ಮೇಲೆ ಮೀನು, ಮೂಲೆಯಲ್ಲಿ ಪಂಡನ್ ಎಲೆಯ ಕಟ್ಟುಗಳು, ಪಕ್ಕದಲ್ಲೇ ನಮ್ಮ ಕರಿಬೇವು. ಮೆಟ್ಟಿಲು ಹತ್ತಿದರೆ ಮೇಲೆಲ್ಲ ತಿಂಡಿಯ ಅಂಗಡಿಗಳು. ಸುತ್ತ ಗೋಡೆಯಿಲ್ಲ, ಗಾಳಿ ನೇರ ಒಳಗೆ ಬರುತ್ತದೆ. ನೆಲಕ್ಕೆ ಹೂಳಿದ ದುಂಡು ಮೇಜು, ಸುತ್ತ ಸ್ಟೂಲು. ಹಿಂದೆ ಬೀದಿಯಲ್ಲಿ ಗಾಡಿ ತಳ್ಳುತ್ತಿದ್ದ ವ್ಯಾಪಾರಿಗಳನ್ನು ನಲ್ಲಿ, ಚರಂಡಿ ಇರುವ ಸೂರಿನ ಕೆಳಗೆ ತಂದು ಕೂರಿಸಲು ಇಂಥ ಕಟ್ಟಡಗಳನ್ನು 1970ರ ದಶಕದಿಂದ ಊರ ತುಂಬ ಕಟ್ಟಿದರು. 2020ರಲ್ಲಿ ಈ ಊಟದ ಸಂಸ್ಕೃತಿ ವಿಶ್ವದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು.

ಕೆಲವು ಖಾಲಿ ಮೇಜುಗಳ ಮೇಲೆ ಕಾಗದದ ಕರವಸ್ತ್ರದ ಪುಟ್ಟ ಪೊಟ್ಟಣ ಇತ್ತು. ಯಾರೋ ಮರೆತಿದ್ದಲ್ಲ, ಜಾಗ ಹಿಡಿದಿದ್ದು. ಅದನ್ನು ಯಾರೂ ಮುಟ್ಟುವುದಿಲ್ಲ.

ಕಾಫಿ ಅಂಗಡಿಯ ಮುಂದಿನ ಸಾಲಿನಲ್ಲಿ ನಿಂತೆ. ಸಾಲು ಉದ್ದವಿದ್ದದ್ದು ಒಳ್ಳೆಯದೇ ಆಯಿತು, ಒಳಗಿನ ಕೆಲಸವೆಲ್ಲ ಕಾಣುತ್ತಿತ್ತು. ವಯಸ್ಸಾದ ಒಬ್ಬರು ತಂತಿಯ ಬಳೆಗೆ ಹೊಲಿದ ಉದ್ದನೆಯ ಬಟ್ಟೆಚೀಲಕ್ಕೆ ಪುಡಿ ಸುರಿದರು. ಚೀಲ ಕಾಫಿ ಹೀರಿ ಹೀರಿ ಕಪ್ಪಾಗಿತ್ತು. ಅದನ್ನು ಉದ್ದ ಮೂತಿಯ ಉಕ್ಕಿನ ಪಾತ್ರೆಯೊಳಗೆ ಇಳಿಬಿಟ್ಟು ಕುದಿನೀರು ಹೊಯ್ದರು, ಕೋಲಿನಿಂದ ತಿರುವಿದರು. ಆಮೇಲೆ ಚೀಲವನ್ನು ಎರಡನೆಯ ಪಾತ್ರೆಗೆ ದಾಟಿಸಿ, ಇಳಿದ ಕಾಫಿಯನ್ನು ಅದೇ ಪುಡಿಯ ಮೇಲೆ ಮತ್ತೆ ಸುರಿದರು. ಹೀಗೇ ಕೆಲವು ಸಲ. ಎಲ್ಲಿಗೆ ನಿಲ್ಲಿಸಬೇಕೆಂದು ಬಣ್ಣ ನೋಡಿ ತೀರ್ಮಾನಿಸುತ್ತಿದ್ದರೋ, ವಾಸನೆಯಿಂದಲೋ, ಎದುರಿಗೇ ನಿಂತಿದ್ದರೂ ನನಗೆ ತಿಳಿಯಲಿಲ್ಲ. ದಪ್ಪ ಪಿಂಗಾಣಿ ಕಪ್ಪುಗಳು ಬಿಸಿನೀರಿನಲ್ಲಿ ಮುಳುಗಿದ್ದವು. ಒಂದನ್ನು ಎತ್ತಿ, ತಳಕ್ಕೆ ಸಿಹಿಯಾದ ಗಟ್ಟಿಹಾಲು ಬಿಟ್ಟು, ಮೇಲೆ ಕಾಫಿ ತುಂಬಿಸುತ್ತಿದ್ದರು.

ಮುಂದಿದ್ದವರು ಏನೇನೋ ಕೇಳುತ್ತಿದ್ದರು. ಮನೆಯಲ್ಲೇ ಪಾಠವಾಗಿತ್ತು: “ಮಾಮಾ, ಸೀದಾ ಕೋಪಿ ಅನ್ರಿ, ಹಾಲು, ಸಕ್ರಿ ಎರಡೂ ಬರ್ತಾವ. ಹಾಲು ಬ್ಯಾಡಂದ್ರ ಕೋಪಿ ಓ. ಸಕ್ರೀನೂ ಬ್ಯಾಡಂದ್ರ ಕೋಪಿ ಓ ಕೋಸೊಂಗ್.” ಸಿಹಿಯಿಲ್ಲದ ಗಟ್ಟಿಹಾಲು ಬೇಕಾದವರಿಗೆ ಕೋಪಿ ಸಿ, ಕಡಕ್ ಬೇಕಾದವರಿಗೆ ಗಾವ್, ಮಂಜುಗಡ್ಡೆ ಹಾಕಿದ್ದಕ್ಕೆ ಪೆಂಗ್. ಮಲಯ್ ಮತ್ತು ಚೀನೀ ನುಡಿಗಳು ಒಂದೇ ಉಸಿರಿನಲ್ಲಿ ಕೂಡಿ ಬರುತ್ತವೆ. ನಾನು ಸೀದಾ ಕೋಪಿ ಅಂದೆ. ಕಪ್ಪು ಬಸಿಯ ಸಮೇತ ಬಂತು.

ಬಸಿ ಕಂಡು ಸಂತೋಷವಾಯಿತು. ಇಲ್ಲಿಯ ಹಳೆಯ ತಲೆಮಾರಿನವರು ಬಿಸಿ ಕೋಪಿಯನ್ನು ಬಸಿಗೆ ಸುರಿದುಕೊಂಡು, ಆರಿಸಿ ಕುಡಿಯುತ್ತಿದ್ದರು, ಥೇಟ್ ನಮ್ಮ ಕಡೆಯ ಹಿರಿಯರ ಹಾಗೆ. ಆ ಬೆಳಿಗ್ಗೆ ಹಾಗೆ ಕುಡಿಯುವವರು ಒಬ್ಬರೂ ಕಾಣಲಿಲ್ಲ. ನಾನು ಸುರಿದುಕೊಂಡೆ.

ಮೊದಲ ಗುಟುಕಿಗೆ ಸಿಹಿ, ಹಿಂದೆಯೇ ಸುಟ್ಟ ಸಕ್ಕರೆಯಂಥ ಕಹಿ. ಚಿಕೋರಿ ಬೆರೆಸಿದ ನಮ್ಮ ಫಿಲ್ಟರ್ ಕಾಫಿಯ ಕಹಿಗಿಂತ ಇದು ಬೇರೆ. ಇಲ್ಲಿ ಬೀಜವನ್ನು ಸಕ್ಕರೆ ಮತ್ತು ಮಾರ್ಗರಿನ್ ಹಾಕಿ ಹುರಿಯುತ್ತಾರೆ. ಸಕ್ಕರೆ ಕರಗಿ, ಕಪ್ಪಾಗಿ ಬೀಜಕ್ಕೆ ಅಂಟುತ್ತದೆ. ಬೀಜ ಹೆಚ್ಚಾಗಿ ರೋಬಸ್ಟಾ. ಚೀನಾದ ಹೈನಾನ್ ದ್ವೀಪದಿಂದ ಇಲ್ಲಿಗೆ ತಡವಾಗಿ ಬಂದು ಬ್ರಿಟಿಷರ ಮನೆಗಳಲ್ಲಿ ಅಡುಗೆಗೆ ನಿಂತವರು, ಆಮೇಲೆ ಸ್ವಂತ ಅಂಗಡಿ ತೆರೆದು ಅಗ್ಗದ ಬೀಜಕ್ಕೂ ರುಚಿ ಬರಿಸಿದ ಉಪಾಯ ಅದು. ಬಡವರ ಕಾಫಿಯೆಂದು ಇದನ್ನು ಬದಿಗಿಡುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬಾಯಿ ತುಂಬುವ ಕಾಫಿ ಇದು.

ಕುಡಿಯುತ್ತ ನಮ್ಮ ಚಂದ್ರದ್ರೋಣ ಪರ್ವತದ ನೆನಪು ಬಂತು. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಏಳು ಬೀಜ ತಂದು ಅಲ್ಲಿ ಊರಿದರೆಂಬುದು ಪ್ರತೀತಿ. 1690ರ ದಶಕದಲ್ಲಿ ಡಚ್ಚರು ಮಲಬಾರಿನಿಂದ ಕಾಫಿ ಸಸಿಗಳನ್ನು ಜಾವಾಕ್ಕೆ ಒಯ್ದರು. ಜಾವಾ ಸಿಂಗಪುರಕ್ಕೆ ದೂರವೇನಲ್ಲ. ಹಾಗಾದರೆ ಈ ಕಪ್ಪಿನಲ್ಲಿರುವುದು ಆ ಸಂತಾನವೇ? ಅಲ್ಲ. ಆಗ ಹೋದದ್ದು ಅರೇಬಿಕಾ. 19ನೆಯ ಶತಮಾನದ ಕೊನೆಯಲ್ಲಿ ಎಲೆತುಕ್ಕು ರೋಗ ಜಾವಾದ ಬಯಲು ತೋಟಗಳನ್ನು ಹಾಳುಮಾಡಿತು. ರೋಗ ತಡೆಯುವ ರೋಬಸ್ಟಾ 1900ರ ಸುಮಾರಿಗೆ ಆಫ್ರಿಕಾದ ಮೂಲದಿಂದ ಅಲ್ಲಿಗೆ ಬಂದು ಬೇರೂರಿತು. ನೆಂಟಸ್ತಿಕೆ ಹಾಗೆ ಕಡಿಯಿತು. ಅದಕ್ಕಾಗಿ ಮನಸ್ಸಿಗೆ ತುಸು ನೋವಾದದ್ದು ನಿಜ.

ಪಕ್ಕದ ಅಂಗಡಿಯಲ್ಲಿ ಸುಟ್ಟ ರೊಟ್ಟಿಗೆ ‘ಕಾಯಾ’ ಸವರಿ ಕೊಡುತ್ತಿದ್ದರು. ತೆಂಗಿನ ಹಾಲು, ಸಕ್ಕರೆ, ಪಂಡನ್ ಸೇರಿದ ಅದರಲ್ಲಿ ಮೊಟ್ಟೆಯೂ ಇರುತ್ತದೆ. ನಮ್ಮ ಕಡೆಯಿಂದ ಹೋಗುವ ಸಸ್ಯಾಹಾರಿಗಳಿಗೆ ಇದು ಗೊತ್ತಿರಲಿ. ಬರೀ ಬೆಣ್ಣೆ ಸವರಿ ಕೊಡಿರೆಂದರೆ ಕೊಡುತ್ತಾರೆ.

ಎದ್ದು ತಟ್ಟೆಯನ್ನು ಅದರ ಕಟ್ಟೆಗೆ ಒಯ್ದಿಟ್ಟೆ. 2021ರಿಂದ ಇದು ಇಲ್ಲಿ ಕಡ್ಡಾಯ. ಕೋಲೂರಿಕೊಂಡು ನಡೆಯುವ ಅಜ್ಜಿಯೊಬ್ಬರೂ ತಮ್ಮ ಕಪ್ಪನ್ನು ತಾವೇ ತಂದಿಟ್ಟರು.

ಕೆಳಗಿಳಿದಾಗ ಸಂತೆಯ ಅಂಚಿನಲ್ಲಿ ಕೋಪಿಪುಡಿ ಮಾರುವ ಅಂಗಡಿ ಕಂಡಿತು. ಮುಟ್ಟಿದರೆ ಪುಡಿ ತುಸು ಜಿಗುಟು. ನಮ್ಮ ಹಿತ್ತಾಳೆ ಫಿಲ್ಟರಿನ ಸಣ್ಣ ತೂತಿನಲ್ಲಿ ಇಳಿದೀತೋ ಇಲ್ಲವೋ ಎಂದು ಅನುಮಾನ ಬಂತು. ಅಂಗಡಿಯಾಕೆ ಕೈಸನ್ನೆಯಲ್ಲೇ ಬಟ್ಟೆಚೀಲ ತೋರಿಸಿದರು. ಪುಡಿಯ ಜೊತೆ ಅದನ್ನೂ ಕೊಂಡೆ.